ಕುಬಸದ ಒಡವೆಯನ್ನ ವಿಮಾನ ನಿಲ್ದಾಣದಲ್ಲಿ ಕೊಂಡೆ: ಮೂರು ಅಂಗಡಿ, ಒಂದು ಸ್ಟಾಲ್, ನನ್ನ ಅನುಭವ

ನನ್ನ ತಂಗಿ ಮಗಳ ಕುಬಸ, ಅಂದರೆ ಸೀಮಂತ, ದಿಲ್ಲಿಯಲ್ಲಿ ಇತ್ತು. ಉಡುಗೊರೆಯನ್ನ ಕಲಬುರಗಿಯ ಸರಾಫ್ ಬಜಾರ್‌ನಲ್ಲೇ ತಗೋಬೇಕು ಅಂತ ತಿಂಗಳ ಹಿಂದೆಯೇ ಅಂದುಕೊಂಡಿದ್ದೆ. ಆಗಲೇ ಇಲ್ಲ. ನಾನು ಹೈಸ್ಕೂಲ್ ಟೀಚರ್, ಆ ವಾರ ಪೂರ್ತಿ ಹತ್ತನೇ ಕ್ಲಾಸಿನ ಪೂರ್ವಸಿದ್ಧತಾ ಪರೀಕ್ಷೆಯ ಪೇಪರ್ ತಿದ್ದೋದೇ ಆಯಿತು. ಹೊರಡೋ ಹಿಂದಿನ ಸಂಜೆ ಹೇಗೋ ಬಿಡುವು ಮಾಡಿಕೊಂಡು ಬಜಾರಿಗೆ ಹೋದರೆ ನಮ್ಮ ಪತ್ತಾರರ ಅಂಗಡಿ ಬಾಗಿಲು ಹಾಕಿತ್ತು, ಅವರ ಮನೆಯಲ್ಲೂ ಏನೋ ಕಾರ್ಯ ಅಂತೆ. ಇಪ್ಪತ್ತು ವರ್ಷದಿಂದ ಒಬ್ಬರ ಹತ್ತಿರವೇ ತಗೊಂಡು ರೂಢಿ ಆದವರಿಗೆ ಪಕ್ಕದ ಅಂಗಡಿ ಮೆಟ್ಟಿಲು ಹತ್ತೋಕೆ ಮನಸ್ಸು ಬರಲ್ಲ. ಸರಿ, ವಿಮಾನ ನಿಲ್ದಾಣದಲ್ಲಿ ಒಡವೆ ಅಂಗಡಿಗಳು ಇರ್ತಾವಲ್ಲ, ಅಲ್ಲೇ ನೋಡೋಣ ಅಂತ ಮನೆಗೆ ಬಂದೆ.

ಹೀಗೆ ಕೊನೇ ಗಳಿಗೆಯಲ್ಲಿ ಒಡವೆ ಕೊಳ್ಳೋರು ನಮ್ಮ ಕಡೆ ಬಹಳ ಜನ ಇದ್ದಾರೆ ಅಂತ ನನಗೆ ಗೊತ್ತು. ಅದಕ್ಕೇ ಇದನ್ನ ಉದ್ದವಾಗಿ ಬರೀತಿದ್ದೀನಿ.

ಕಲಬುರಗಿಗೆ 2019ರ ನವೆಂಬರ್‌ನಲ್ಲಿ ವಿಮಾನ ನಿಲ್ದಾಣ ಬಂತು, ಮರುವರ್ಷ ಫೆಬ್ರುವರಿಯಲ್ಲಿ ಬೀದರ್‌ನಿಂದಲೂ ವಿಮಾನ ಹಾರಿತು. ಆದರೂ ದಿಲ್ಲಿಯಂಥ ದೂರದ ಊರಿಗೆ ಹೋಗಬೇಕಾದರೆ ನಾವು ಹೆಚ್ಚಾಗಿ ಹೈದರಾಬಾದಿನ ಶಂಷಾಬಾದ್‌ಗೋ ಬೆಂಗಳೂರಿಗೋ ಹೋಗಿ ಹತ್ತುತ್ತೇವೆ. ಯಾವ ನಿಲ್ದಾಣದಲ್ಲಿ ಕೊಂಡೆ ಅಂತ ಇಲ್ಲಿ ಬರೆಯಲ್ಲ, ಅಂಗಡಿಗಳ ಹೆಸರೂ ಬರೆಯಲ್ಲ. ಒಂದು ಅಂಗಡಿಯಲ್ಲಿ ಆದದ್ದು ಸರಿ ಅನ್ನಿಸಲಿಲ್ಲ, ಆದರೆ ಅಲ್ಲಿ ಸಂಬಳಕ್ಕೆ ನಿಂತು ದುಡಿಯೋ ಹುಡುಗರ ಹೊಟ್ಟೆ ಮೇಲೆ ಹೊಡೆಯೋದು ನನಗೆ ಬೇಡ. ಯಾವ ದೊಡ್ಡ ನಿಲ್ದಾಣಕ್ಕೆ ಹೋದರೂ ಇಂಥ ಅಂಗಡಿಗಳು ಸಿಗುತ್ತವೆ, ಏನು ನೋಡಬೇಕು ಅಂತ ಗೊತ್ತಿದ್ದರೆ ಸಾಕು.

ಮೂರು ಜನರಿಗೆ ಉಡುಗೊರೆ ಬೇಕಿತ್ತು. ಕುಬಸದ ಹುಡುಗಿಗೆ ಒಂದು, ಅವಳ ಅತ್ತೆಗೆ ಅಂದರೆ ನಮ್ಮ ಬೀಗತಿಗೆ ಒಂದು, ಅವಳ ಓರಗಿತ್ತಿಯ ನಾಲ್ಕು ವರ್ಷದ ಮಗಳಿಗೆ ಒಂದು. ಕೈಯಲ್ಲಿ ಹತ್ತು ಸಾವಿರ ರೂಪಾಯಿ ಲೆಕ್ಕ. ವಿಮಾನ ಮಧ್ಯಾಹ್ನ ಎರಡೂವರೆಗೆ. ಸೆಕ್ಯುರಿಟಿ ಮುಗಿಸಿ ಒಳಗೆ ಬಂದಾಗ ಹನ್ನೆರಡು ಗಂಟೆ.

ಮೊದಲು ಒಂದು ಮಾತು. ವಿಮಾನ ನಿಲ್ದಾಣದಲ್ಲಿ ಟ್ಯಾಕ್ಸ್ ಇರಲ್ಲ, ಹಾಗಾಗಿ ಒಡವೆ ಅಗ್ಗ ಅಂತ ನಮ್ಮ ಸ್ಟಾಫ್ ರೂಮಿನಲ್ಲೇ ಇಬ್ಬರು ನನಗೆ ಹೇಳಿ ಕಳಿಸಿದ್ದರು. ಅದು ತಪ್ಪು. ಡ್ಯೂಟಿ ಫ್ರೀ ಅನ್ನೋದು ಹೊರದೇಶಕ್ಕೆ ಹೋಗಿ ಬರೋರಿಗೆ, ಅದೂ ಇಮಿಗ್ರೇಷನ್ ದಾಟಿದ ಮೇಲೆ. ದಿಲ್ಲಿಗೋ ಪುಣೆಗೋ ಹೋಗೋ ನಮ್ಮಂಥವರು ಊರ ಬಜಾರಿನಲ್ಲಿ ಕೊಡೋ ಹಾಗೆಯೇ ಬಂಗಾರ, ಬೆಳ್ಳಿ ಒಡವೆಗೆ 3 ಪರ್ಸೆಂಟ್ ಜಿಎಸ್‌ಟಿ ಕೊಡಬೇಕು. ಮೇಲಿಂದ ಅಲ್ಲಿ ಅಂಗಡಿ ಬಾಡಿಗೆ ಜಾಸ್ತಿ, ಅದೂ ನಮ್ಮ ಬಿಲ್ಲಿನೊಳಗೇ ಸೇರಿರುತ್ತೆ. ಹೀಗಾಗಿ ಅಗ್ಗ ಅನ್ನೋ ಆಸೆಯಿಂದ ಹೋಗಬೇಡಿ.

ಮುತ್ತಿನ ಅಂಗಡಿ

ಮೊದಲು ಹೋಗಿದ್ದು ಇಲ್ಲಿಗೆ. ನಮ್ಮ ಕಡೆ ಮುತ್ತು ಅಂದರೆ ಹೈದರಾಬಾದ್ ನೆನಪಾಗುತ್ತೆ. ಅಲ್ಲಿ ಸಮುದ್ರವೇ ಇಲ್ಲ, ಮುತ್ತು ಬೆಳೆಯೋದೂ ಇಲ್ಲ. ನಿಜಾಮರ ಕಾಲದಿಂದ ಅಲ್ಲಿ ಮುತ್ತು ವಿಂಗಡಿಸೋರು, ತೂತು ಹಾಕೋರು, ಪೋಣಿಸೋರು ಇದ್ದಾರೆ, ಆ ಕೈಗೆಲಸಕ್ಕೇ ಊರಿಗೆ ಹೆಸರು. ಈಗ ಬರೋ ಮುತ್ತು ಬಹುಪಾಲು ಚೀನಾದ ಸಿಹಿನೀರಿನಲ್ಲಿ ಬೆಳೆಸಿದ್ದು. ಇದನ್ನ ಕೇಳಿ ಮೋಸ ಅಂದುಕೊಳ್ಳಬೇಡಿ, ಬೆಳೆಸಿದ ಮುತ್ತೂ ಅಸಲಿ ಮುತ್ತೇ. ಕೌಂಟರಿನಲ್ಲಿದ್ದ ಹುಡುಗಿಯೂ ನಾನು ಕೇಳೋ ಮೊದಲೇ ‘ಇದು ಫ್ರೆಶ್ ವಾಟರ್ ಕಲ್ಚರ್ಡ್ ಮೇಡಂ, ಸಮುದ್ರದ್ದಲ್ಲ’ ಅಂತ ಹೇಳಿದಳು. ಅಲ್ಲೇ ನನಗೆ ಅವಳ ಮೇಲೆ ನಂಬಿಕೆ ಬಂತು.

ಮುತ್ತನ್ನ ಹೇಗೆ ನೋಡಬೇಕು ಅಂತ ಅಮ್ಮ ಕಲಿಸಿದ್ದು ಇನ್ನೂ ನೆನಪಿದೆ. ಎರಡು ಮುತ್ತನ್ನ ಒಂದಕ್ಕೊಂದು ಮೆಲ್ಲಗೆ ಉಜ್ಜಿದರೆ ಸಣ್ಣ ರವೆ ತಾಗಿದ ಹಾಗೆ ಬೆರಳಿಗೆ ಗೊತ್ತಾಗಬೇಕು. ಜಾರಿಕೊಂಡು ಹೋದರೆ ಗಾಜು ಅಥವಾ ಪ್ಲಾಸ್ಟಿಕ್. ಕೈಯಲ್ಲಿ ಹಿಡಿದ ಕೂಡಲೇ ತಣ್ಣಗೆ ಇರಬೇಕು, ಆಮೇಲೆ ಬೆಚ್ಚಗಾಗಬೇಕು. ತೂತಿನ ಬಾಯಿ ನೋಡಬೇಕು, ನಕಲಿ ಆದರೆ ಅಲ್ಲಿ ಬಣ್ಣದ ಪೊರೆ ಸಿಪ್ಪೆಯ ಹಾಗೆ ಎದ್ದಿರುತ್ತೆ. ಎಲ್ಲ ಮುತ್ತೂ ಒಂದೇ ಅಚ್ಚಿನಲ್ಲಿ ತೆಗೆದ ಹಾಗೆ ಇದ್ದರೂ ಅನುಮಾನ ಪಡಬೇಕು. ಹುಡುಗಿ ನನಗೆ ಒಂದು ಸಾಲು ಬಿಡಿಸಿ ಕೊಟ್ಟು ‘ಉಜ್ಜಿ ನೋಡಿ’ ಅಂದಳು. ರವೆ ತಾಗಿತು. ಪ್ರತಿ ಮುತ್ತಿನ ನಡುವೆಯೂ ಗಂಟು ಇತ್ತು. ಇದು ಬಹಳ ಮುಖ್ಯ, ಗಂಟು ಇದ್ದರೆ ದಾರ ಹರಿದರೂ ಒಂದೇ ಮುತ್ತು ಬೀಳುತ್ತೆ, ಇಲ್ಲದಿದ್ದರೆ ಮದುವೆ ಮನೆಯಲ್ಲಿ ನೆಲದ ಮೇಲೆ ಎಲ್ಲರೂ ಬಗ್ಗಿ ಹುಡುಕಬೇಕಾಗುತ್ತೆ.

ಒಂದೆಳೆಯ ಸರ, ಕೊಕ್ಕೆ ಬೆಳ್ಳಿಯದು, ಕೊಕ್ಕೆಯ ಮೇಲೆ ಸಣ್ಣದಾಗಿ 925 ಅಂತ ಅಚ್ಚು, ಅಂದರೆ ನೂರಕ್ಕೆ 92.5 ಪಾಲು ಬೆಳ್ಳಿ. ನನ್ನ ಕನ್ನಡಕದಲ್ಲಿ ಕಾಣಲಿಲ್ಲ, ಅವಳೇ ಪತ್ತಾರರ ಭೂತಗನ್ನಡಿ ಕೊಟ್ಟಳು. ಬೆಲೆ 3,600 ಹೇಳಿದರು. ಇಲ್ಲಿ ಚೌಕಾಸಿ ನಡೆಯಲ್ಲ ಅಂತ ಅಂದುಕೊಂಡಿದ್ದೆ. ಆದರೂ ಕೇಳಿದೆ. ಬೆಲೆ ಇಳಿಸಲಿಲ್ಲ, ಜೊತೆಗೆ ಒಂದು ಜೊತೆ ಮುತ್ತಿನ ಓಲೆ ಹಾಕಿ ಕೊಟ್ಟರು. ಕೇಳಿದ್ದಕ್ಕೆ ಸಿಕ್ಕಿತು, ನೀವೂ ಕೇಳಿ. ಬಿಲ್ಲಿನಲ್ಲಿ ‘ಕಲ್ಚರ್ಡ್ ಪರ್ಲ್, 925 ಸಿಲ್ವರ್ ಕ್ಲಾಸ್ಪ್’ ಅಂತ ಬಾಯಲ್ಲಿ ಹೇಳಿದ್ದನ್ನೇ ಬರೆದು ಕೊಟ್ಟರು. ಅತ್ತರು, ಸ್ಪ್ರೇ ಎಲ್ಲಾ ಹಾಕಿಕೊಂಡ ಮೇಲೆ ಕೊನೆಗೆ ಮುತ್ತು ಹಾಕಬೇಕು, ತೆಗೆಯುವಾಗ ಮೊದಲು ಮುತ್ತು ತೆಗೆಯಬೇಕು ಅಂತಲೂ ಆ ಹುಡುಗಿ ತಿಳಿಸಿದಳು. ಈ ಅಂಗಡಿಗೆ ಐದಕ್ಕೆ ನಾಲ್ಕೂವರೆ. ಅರ್ಧ ಕಡಿಮೆ ಮಾಡಿದ್ದು ಬೆಲೆಗೆ ಮಾತ್ರ.

ಗಿಫ್ಟ್ ಅಂಗಡಿ

ಕುಬಸದ ಹುಡುಗಿಯದು ಆಯಿತು. ಬೀಗತಿಗೆ ಏನು ಅಂತ ಯೋಚನೆ. ಅವರು ಮೈಸೂರು ಕಡೆಯವರು, ಆಫೀಸಿಗೆ ಹೋಗೋರು, ಕಾಟನ್ ಸೀರೆ ಉಡೋರು. ನಮ್ಮ ಊರಿನದು ಅಂತ ಹೇಳಿ ಕೊಡೋ ಹಾಗೆ ಏನಾದರೂ ಇದ್ದರೆ ಚೆಂದ ಅನ್ನಿಸಿತು. ಅಷ್ಟರಲ್ಲಿ ಎದುರಿಗಿನ ಅಂಗಡಿಯ ಗಾಜಿನೊಳಗೆ ‘ಬಿದ್ರಿ’ ಅಂತ ಬೋರ್ಡ್ ಕಾಣಿಸಿತು. ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸೋ ಈ ಕೈಗೆಲಸ ಬೀದರ್‌ನದು, ನನ್ನ ತವರೂ ಬೀದರ್. ಕಾಲು ತಾವಾಗಿಯೇ ಆ ಕಡೆ ಹೋದವು.

ಕಪ್ಪು ಝುಮಕಿ, ಮೇಲೆ ಬಿಳಿ ಹೂಬಳ್ಳಿ. ದೂರದಿಂದ ಬಿದ್ರಿಯ ಹಾಗೇ ಇತ್ತು. ಕೈಗೆ ತಗೊಂಡೆ, ಹಗುರ. ಅಲ್ಲೇ ಮನಸ್ಸಿಗೆ ಏನೋ ಸರಿ ಇಲ್ಲ ಅನ್ನಿಸಿತು. ಬಿದ್ರಿಯ ಒಡಲು ಸತುವಿನದು, ಅದಕ್ಕೆ ಸ್ವಲ್ಪ ತಾಮ್ರ ಬೆರೆಸಿರ್ತಾರೆ, ಸುಮಾರು ಹದಿನಾರಕ್ಕೆ ಒಂದು ಪಾಲು. ಹಾಗಾಗಿ ಸಣ್ಣ ಓಲೆಗೂ ಒಂದು ತೂಕ ಇರುತ್ತೆ. ಉಗುರಿನಿಂದ ಬಳ್ಳಿಯ ಮೇಲೆ ಸವರಿದೆ, ಗೆರೆ ಉಬ್ಬಿಕೊಂಡಿತ್ತು. ಬಿದ್ರಿಯಲ್ಲಿ ಬೆಳ್ಳಿ ತಂತಿಯನ್ನ ಕೊರೆದ ಗೆರೆಯೊಳಗೆ ಕೂರಿಸಿ ಸುತ್ತಿಗೆಯಲ್ಲಿ ಬಡಿದು, ಆಮೇಲೆ ಉಜ್ಜಿ ಸಮ ಮಾಡಿರ್ತಾರೆ, ಉಗುರಿಗೆ ಏನೂ ತಾಗಬಾರದು. ಇಲ್ಲಿ ತಾಗಿತು, ಅಂದರೆ ಮೇಲೆ ಬಣ್ಣದಲ್ಲಿ ಬರೆದದ್ದು. ಕಪ್ಪು ಕೂಡ ಬಣ್ಣದ ಡಬ್ಬಿಯ ಕಪ್ಪು, ಮಿರಮಿರ ಮಿಂಚುತ್ತಿತ್ತು.

ಇಷ್ಟರ ಮೇಲೂ ನಾನೇ ತಪ್ಪು ತಿಳಿದಿರಬಹುದು ಅಂತ, ಕೇಳಿಕೊಂಡು ಕರವಸ್ತ್ರದ ತುದಿ ಒದ್ದೆ ಮಾಡಿ ಹಿಂಬದಿ ಉಜ್ಜಿದೆ. ಕರವಸ್ತ್ರ ಕಪ್ಪಾಯಿತು. ನನ್ನ ಹ್ಯಾಂಡ್‌ಬ್ಯಾಗಿನ ಗುಂಡಿಯಲ್ಲಿ ಅಯಸ್ಕಾಂತ ಇದೆ, ಅದರ ಹತ್ತಿರ ಹಿಡಿದೆ. ಟಕ್ ಅಂತ ಅಂಟಿಕೊಂಡಿತು. ಸತುವಾಗಲಿ ತಾಮ್ರವಾಗಲಿ ಬೆಳ್ಳಿಯಾಗಲಿ ಅಯಸ್ಕಾಂತಕ್ಕೆ ಅಂಟಲ್ಲ. ಅದು ಕಬ್ಬಿಣದ ತಗಡು.

ಹುಡುಗ ‘ಮೇಡಂ, ಬೀದರ್‌ದೇ ಇದು, ಪ್ಯೂರ್’ ಅಂತ ಎರಡು ಸಲ ಹೇಳಿದ. ಬಿಲ್ಲಿನಲ್ಲಿ ಏನು ಬರೀತೀರಪ್ಪ ಅಂತ ಕೇಳಿದೆ. ಕಂಪ್ಯೂಟರ್ ನೋಡಿ ‘ಫ್ಯಾಷನ್ ಜುವೆಲ್ರಿ’ ಅಂದ. ಬಿದ್ರಿ ಅಂತ ಬರೆದು ಕೊಡ್ತೀರಾ ಅಂದೆ. ಆಗಲ್ಲ ಅಂದ. ಬೆಲೆ 2,499. ನಾನು ಜಗಳ ಮಾಡಲಿಲ್ಲ, ಆ ಹುಡುಗನಿಗೂ ಮೇಲಿನವರು ಏನು ಹೇಳಿಕೊಟ್ಟಿದ್ದರೋ ಅದನ್ನೇ ಹೇಳಿದ. ನಾನು ಬೀದರ್‌ನವಳು ಅಂತ ಹೇಳಿ, ನಿಜವಾದ ಬಿದ್ರಿ ಹೇಗಿರುತ್ತೆ ಅಂತ ಎರಡು ನಿಮಿಷ ತಿಳಿಸಿ ಹೊರಗೆ ಬಂದೆ. ಅವನು ನಿಂತು ಕೇಳಿದ.

ನನಗೆ ಅವತ್ತು ನಿಜವಾಗಿ ನೋವಾಯಿತು. ಹಣ ಹೋಗಲಿಲ್ಲ, ಆದರೂ ನೋವಾಯಿತು.

ಯಾಕೆ ಅಂತ ಹೇಳ್ತೀನಿ. ಬೀದರ್‌ನ ಚೌಬಾರಾದಿಂದ ಸ್ವಲ್ಪ ದೂರದಲ್ಲಿ ನಮ್ಮ ಅಜ್ಜನ ಮನೆ ಇತ್ತು. ಅಲ್ಲೇ ಓಣಿಯಲ್ಲಿ ಒಂದು ಬಿದ್ರಿ ಕಾರ್ಖಾನೆ. ಕಾರ್ಖಾನೆ ಅಂದರೆ ದೊಡ್ಡದೇನಲ್ಲ, ಒಂದು ಕೋಣೆ, ನಾಲ್ಕು ಜನ, ಕಿಟಕಿ ಬೆಳಕಿಗೆ ಮುಖ ಮಾಡಿ ಕೂತಿರೋರು. ರಜೆಯಲ್ಲಿ ಹೋದಾಗ ನಾನೂ ನನ್ನ ತಂಗಿಯೂ ಬಾಗಿಲಲ್ಲಿ ಕೂತು ನೋಡುತ್ತಿದ್ದೆವು. ಅಲ್ಲಿನ ದೊಡ್ಡವರನ್ನ ನಾವು ಚಾಚಾ ಅಂತ ಕರೀತಿದ್ದೆವು. ಎರಕ ಹೊಯ್ದು ತಂದ ಒಡಲನ್ನ ಅರದಿಂದ ಉಜ್ಜಿ, ಮೈಲುತುತ್ತದ ನೀರು ಸವರಿ ಕಪ್ಪು ಮಾಡೋರು. ಅದು ಕೊನೇ ಕಪ್ಪಲ್ಲ, ಗೆರೆ ಕಾಣಲಿ ಅಂತ ಹಚ್ಚೋದು. ಅದರ ಮೇಲೆ ಉಳಿಯಿಂದ ಹೂವು, ಬಳ್ಳಿ ಕೊರೆಯೋರು, ಮೊದಲು ಬರೆದಿಟ್ಟ ಚಿತ್ರ ಏನೂ ಇರುತ್ತಿರಲಿಲ್ಲ, ಕೈಯೇ ಬರೆಯುತ್ತಾ ಹೋಗೋದು. ಕೊರೆದ ಗೆರೆಗೆ ಬೆಳ್ಳಿ ತಂತಿ. ಈ ತಂತಿ ಕೆಲಸಕ್ಕೆ ತಾರ್‌ಕಶಿ ಅಂತಾರೆ. ಇಷ್ಟೆಲ್ಲ ಆದ ಮೇಲೆ ಉಜ್ಜಿಬಿಟ್ಟರೆ ಮೊದಲಿನ ಕಪ್ಪು ಪೂರ್ತಿ ಹೋಗಿ ಇಡೀ ವಸ್ತು ಬೂದು ಬಣ್ಣಕ್ಕೆ ಬರೋದು. ಆಗ ಬೆಳ್ಳಿ ಎಲ್ಲಿದೆ, ಸತು ಎಲ್ಲಿದೆ ಅಂತ ಹುಡುಕಿದರೂ ಸರಿಯಾಗಿ ಕಾಣಲ್ಲ. ವಾರಗಟ್ಟಲೆ ಮಾಡಿದ ಕೆಲಸ ಅಳಿಸಿ ಹೋಯಿತೇನೋ ಅಂತ ನನಗೆ ಪ್ರತಿ ಸಲ ಭಯ ಆಗೋದು.

ಆಮೇಲೆ ಮಣ್ಣು ಬರೋದು. ಬೀದರ್ ಕೋಟೆಯೊಳಗೆ ಬಿಸಿಲು, ಮಳೆ ಬೀಳದ ಹಳೇ ಕಟ್ಟಡಗಳ ಒಳಗಿನ ಮಣ್ಣು. ಚಾಚಾ ಒಂದು ಚಿಟಿಕೆ ನಾಲಿಗೆ ಮೇಲೆ ಇಟ್ಟುಕೊಂಡು ರುಚಿ ನೋಡೋರು. ಸರಿ ಇದ್ದರೆ ತಲೆ ಆಡಿಸೋರು, ಇಲ್ಲದಿದ್ದರೆ ಉಗಿದು ಬೇರೆ ಚೀಲ ಬಿಚ್ಚಿಸೋರು. ಆ ಮಣ್ಣಿಗೆ ನವಸಾಗರ ಬೆರೆಸಿ ನೀರಲ್ಲಿ ಕಲಸಿ, ಬಿಸಿ ಮಾಡಿದ ವಸ್ತುವಿನ ಮೇಲೆ ತಿಕ್ಕಿದರೆ ನಮ್ಮ ಕಣ್ಣೆದುರಿಗೇ ಒಡಲು ಕಡುಕಪ್ಪಾಗೋದು, ಬೆಳ್ಳಿ ಮಾತ್ರ ಬೆಳ್ಳಗೆ ಹಾಗೇ ಉಳಿಯೋದು. ತೊಳೆದು ಎಣ್ಣೆ ಬಟ್ಟೆಯಲ್ಲಿ ಒರೆಸಿದಾಗ ಕಾಣೋ ಆ ಬಳ್ಳಿ! ನನ್ನ ತಂಗಿ ಪ್ರತಿ ಸಲ ಚಪ್ಪಾಳೆ ತಟ್ಟೋಳು. ಈಗ ಅವಳ ಮಗಳದೇ ಕುಬಸ.

ಬಹಮನಿ ಸುಲ್ತಾನರು 15ನೇ ಶತಮಾನದಲ್ಲಿ ರಾಜಧಾನಿಯನ್ನ ನಮ್ಮ ಕಲಬುರಗಿಯಿಂದ ಬೀದರ್‌ಗೆ ಒಯ್ದರು, ಅವರ ಕಾಲದಲ್ಲೇ ಈ ಕೆಲಸ ಅಲ್ಲಿ ಬೇರು ಬಿಟ್ಟಿತು ಅಂತಾರೆ. 2006ರಲ್ಲಿ ಬಿದ್ರಿಗೆ ಜಿಐ ಮಾನ್ಯತೆ, ಅಂದರೆ ಇದು ಈ ಊರಿನದೇ ಅನ್ನೋ ಸರ್ಕಾರಿ ಗುರುತು, ಸಿಕ್ಕಿತು. 2023ರಲ್ಲಿ ಬೀದರ್‌ನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಾಗ ಇಡೀ ಓಣಿ ತಮಗೇ ಬಂತು ಅನ್ನೋ ಹಾಗೆ ಸಿಹಿ ಹಂಚಿತ್ತು ಅಂತ ಅಣ್ಣ ಫೋನ್ ಮಾಡಿ ಹೇಳಿದ್ದ. ಇಂಥ ಕೆಲಸದ ಹೆಸರನ್ನ ಬಣ್ಣ ಬಳಿದ ಕಬ್ಬಿಣದ ತಗಡಿಗೆ ಅಂಟಿಸಿ ಮಾರಿದರೆ, ಮೈಸೂರಿನವರೋ ದಿಲ್ಲಿಯವರೋ ಅದನ್ನ ಕೊಂಡು, ಎರಡು ತಿಂಗಳಿಗೆ ಬಣ್ಣ ಹೋದಾಗ ‘ಬಿದ್ರಿ ಅಂದರೆ ಇಷ್ಟೇ’ ಅಂತ ತೀರ್ಮಾನಿಸಿಬಿಡ್ತಾರೆ ಅಲ್ವಾ? ಮಣ್ಣು ರುಚಿ ನೋಡೋ ಆ ಮನುಷ್ಯನಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಬೇರೆ ಏನಿದೆ?

ಈ ಅಂಗಡಿಗೆ ನಾನು ಒಂದೂ ಕೊಡಲ್ಲ.

ಬೆಳ್ಳಿ, ಬಂಗಾರದ ಅಂಗಡಿ

ಇಲ್ಲಿ ನಾಲ್ಕು ವರ್ಷದ ಹುಡುಗಿಗೆ ಕಾಲ್ಗೆಜ್ಜೆ ತಗೊಂಡೆ. ಹೆಚ್ಚು ಹೇಳೋದಿಲ್ಲ. ಇದರ ಮೇಲೂ 925 ಅಂತ ಅಚ್ಚು ಇತ್ತು. ತೂಕ ಮಾಡಿ ತೋರಿಸಿ ಅಂದೆ, ತೋರಿಸಿದರು. ಬೆಲೆ ತೂಕದ ಲೆಕ್ಕದಲ್ಲಿ ಅಲ್ಲ, ಒಂದು ಜೊತೆಗೆ ಇಷ್ಟು ಅಂತ ಮೊದಲೇ ಅಂಟಿಸಿದ್ದು, 2,900. ಅವತ್ತಿನ ಬೆಳ್ಳಿ ಭಾವಕ್ಕೆ ಹೋಲಿಸಿದರೆ ಹೆಚ್ಚುಕಡಿಮೆ ಎರಡರಷ್ಟಾಯಿತು. ನಮ್ಮ ಪತ್ತಾರರು ಮಜೂರಿ ಬೇರೆ, ಬೆಳ್ಳಿ ಬೇರೆ ಬರೆದು ಕೊಡ್ತಾರೆ, ಇಲ್ಲಿ ಹಾಗಿಲ್ಲ. ಗೊತ್ತಿದ್ದೇ ಕೊಟ್ಟೆ. ಗೆಜ್ಜೆಯ ಕೊಂಡಿ ಮಾತ್ರ ಚೆನ್ನಾಗಿ ನೋಡಿಕೊಳ್ಳಿ, ಮಕ್ಕಳ ಕಾಲಿಗೆ ಚುಚ್ಚೋ ಹಾಗೆ ಇರಬಾರದು. ನಾನು ನನ್ನ ಒಳಗೈ ಮೇಲೆ ಉಜ್ಜಿ ನೋಡಿ ತಗೊಂಡೆ.

ಅಲ್ಲಿ ತಮ್ಮನ ವಯಸ್ಸಿನ ಒಬ್ಬ ತನ್ನ ಹೆಂಡತಿಗೆ ಬಂಗಾರದ ಓಲೆ ಕೊಳ್ಳುತ್ತಿದ್ದ, ಯಾದಗಿರಿಯವನು, ಮಾತಿನಲ್ಲೇ ಗೊತ್ತಾಯಿತು. ‘ಅಕ್ಕಾರ, ಇದು ಖರೇ ಬಂಗಾರ ಹೌದಲ್ಲರೀ?’ ಅಂತ ನನ್ನನ್ನ ಕೇಳಿದ. ಅವನಿಗೆ ಹೇಳಿದ್ದನ್ನೇ ಇಲ್ಲೂ ಹೇಳ್ತೀನಿ. ಒಡವೆ ಮೇಲೆ ಮೂರು ಗುರುತು ಇರಬೇಕು: ಬಿಐಎಸ್‌ನ (ಭಾರತೀಯ ಮಾನಕ ಬ್ಯೂರೋದ) ತ್ರಿಕೋನದ ಚಿಹ್ನೆ, 22ಕೆ916 ಅಥವಾ 18ಕೆ750 ಅಂಥ ಶುದ್ಧತೆ, ಮತ್ತೆ ಅಕ್ಷರ, ಅಂಕಿ ಸೇರಿ ಆರು ಇರೋ ಎಚ್‌ಯುಐಡಿ, ಅಂದರೆ ಆ ಒಡವೆಯದೇ ಗುರುತಿನ ಸಂಖ್ಯೆ. 2023ರ ಏಪ್ರಿಲ್ 1ರಿಂದ ಆ ಆರಂಕಿ ಇಲ್ಲದೆ ಹಾಲ್‌ಮಾರ್ಕ್ ಒಡವೆ ಮಾರೋ ಹಾಗಿಲ್ಲ. ಬಿಐಎಸ್ ಕೇರ್ ಅನ್ನೋ ಆ್ಯಪ್‌ನಲ್ಲಿ ಆ ಆರನ್ನ ಹಾಕಿದರೆ ಒಡವೆ ಯಾವುದು, ಶುದ್ಧತೆ ಎಷ್ಟು, ಎಲ್ಲಿ ಪರೀಕ್ಷೆ ಆಯಿತು ಅಂತ ಬರುತ್ತೆ. ಆ ತಮ್ಮನ ಫೋನಿನಲ್ಲೇ ಹಾಕಿದೆವು, ಓಲೆ ಅಂತಲೇ ಬಂತು, 22 ಕ್ಯಾರೆಟ್ ಅಂತಲೇ ಬಂತು. ಓಲೆ ಅನ್ನೋ ಕಡೆ ಉಂಗುರ ಅಂತ ಬಂದರೆ ಬಿಟ್ಟುಬಿಡಿ.

ಒಂದು ಸಣ್ಣ ವಿಷಯ. ಎರಡು ಗ್ರಾಂಗಿಂತ ಕಡಿಮೆ ತೂಕದ ಬಂಗಾರಕ್ಕೆ ಹಾಲ್‌ಮಾರ್ಕ್ ಕಡ್ಡಾಯ ಅಲ್ಲ. ನಿಲ್ದಾಣದ ಅಂಗಡಿಗಳಲ್ಲಿ ಉಡುಗೊರೆಗೆ ಅಂತ ಇಡೋ ಮೂಗುತಿ, ಸಣ್ಣ ಪದಕ ಎಲ್ಲ ಇದೇ ತೂಕದವು. ಗುರುತು ಇಲ್ಲ ಅಂದ ಕೂಡಲೇ ಮೋಸ ಅನ್ನೋ ಹಾಗಿಲ್ಲ, ಆದರೆ ಗುರುತು ಇರೋದೇ ಸಿಕ್ಕರೆ ಅದನ್ನೇ ತಗೊಳ್ಳಿ. ಬೆಳ್ಳಿಗೂ ಹಾಲ್‌ಮಾರ್ಕ್ ಕಡ್ಡಾಯ ಅಲ್ಲ, 2025ರ ಸೆಪ್ಟೆಂಬರ್‌ನಿಂದ ಹಾಲ್‌ಮಾರ್ಕ್ ಮಾಡಿಸಿದ ಬೆಳ್ಳಿಗೂ ಆ ಆರಂಕಿ ಬರ್ತಿದೆ. ಬಿಲ್ಲಿನಲ್ಲಿ ನಿವ್ವಳ ತೂಕ, ಶುದ್ಧತೆ ಬರೆಸಿಕೊಳ್ಳೋದು ಮರೀಬೇಡಿ. ನಾವು ವಿಮಾನ ಹತ್ತಿಬಿಟ್ಟರೆ ಆ ಅಂಗಡಿಗೆ ಮತ್ತೆ ಯಾವಾಗ ಬರ್ತೀವೋ, ಬಿಲ್ ಒಂದೇ ನಮ್ಮ ಕೈಯಲ್ಲಿ ಉಳಿಯೋದು. ಈ ಅಂಗಡಿಗೆ ಐದಕ್ಕೆ ಮೂರೂವರೆ.

ಗೇಟ್ ಹತ್ತಿರದ ಸ್ಟಾಲ್

ಇಷ್ಟೊತ್ತಿಗೆ ಒಂದೂವರೆ ದಾಟಿತ್ತು. ಈಗ ಹಲವು ನಿಲ್ದಾಣಗಳಲ್ಲಿ ಬೋರ್ಡಿಂಗ್‌ಗೆ ಬನ್ನಿ ಅಂತ ಮೈಕಿನಲ್ಲಿ ಕೂಗಲ್ಲ, ನಾವೇ ಬೋರ್ಡ್ ನೋಡಿಕೊಳ್ಳಬೇಕು. ಗೇಟ್ ಸಾಮಾನ್ಯವಾಗಿ ಇಪ್ಪತ್ತು, ಇಪ್ಪತ್ತೈದು ನಿಮಿಷ ಮೊದಲೇ ಮುಚ್ಚುತ್ತಾರೆ. ಒಡವೆ ನೋಡ್ತಾ ನಿಂತರೆ ಹೊತ್ತು ಹೋಗೋದು ಗೊತ್ತಾಗಲ್ಲ, ಹಾಗಾಗಿ ಅಂಗಡಿಗೆ ನುಗ್ಗೋ ಮೊದಲು ನನ್ನ ಗೇಟ್ ಎಲ್ಲಿದೆ, ನಡೆದರೆ ಎಷ್ಟು ಹೊತ್ತು ಅಂತ ನೋಡಿಕೊಂಡು ಬಂದಿದ್ದೆ, ಫೋನಿನಲ್ಲಿ 1:45ಕ್ಕೆ ಅಲಾರಂ ಇಟ್ಟಿದ್ದೆ.

ಬೀಗತಿಗೆ ಇನ್ನೂ ಏನೂ ಸಿಕ್ಕಿರಲಿಲ್ಲ. ಒಂದು ಪೆನ್ ಸೆಟ್ ತಗೊಂಡು ಹೋಗೋಣ ಅಂತ ಬೇಸರದಿಂದ ಗೇಟ್ ಕಡೆ ನಡೀತಿದ್ದೆ. ಅಲ್ಲಿ ಕಂಬದ ಪಕ್ಕ ಕೈಮಗ್ಗದ ಸೀರೆ, ಮರದ ಗೊಂಬೆ ಎಲ್ಲ ಇಟ್ಟಿದ್ದ ಸಣ್ಣ ಸ್ಟಾಲ್. ಒಂದು ಮೂಲೆಯಲ್ಲಿ ನಾಲ್ಕೈದು ಬಿದ್ರಿ ವಸ್ತು. ಬೋರ್ಡ್ ಇಲ್ಲ, ಏನೂ ಇಲ್ಲ. ಮೊದಲಿನ ಅನುಭವ ಆಗಿತ್ತಲ್ಲ, ಅಲ್ಲೇ ನಿಂತು ಎರಡು ನಿಮಿಷ ಸುಮ್ನೆ ನೋಡಿದೆ. ಆಮೇಲೆ ಝುಮಕಿ ಎತ್ತಿಕೊಂಡೆ.

ತೂಕ ಇತ್ತು. ಕಪ್ಪು ಮಿಂಚುತ್ತಿರಲಿಲ್ಲ, ಇದ್ದಿಲಿನ ಹಾಗೆ ಬೆಳಕನ್ನ ಒಳಗೆ ಎಳೆದುಕೊಳ್ಳೋ ಕಪ್ಪು. ಉಗುರಿಗೆ ಬಳ್ಳಿ ತಾಗಲಿಲ್ಲ. ಬ್ಯಾಗಿನ ಗುಂಡಿಗೆ ಹಿಡಿದೆ, ಅಂಟಲಿಲ್ಲ. ಹಿಂದೆ ತಿರುಗಿಸಿದೆ, ಅಂಚಿನಲ್ಲಿ ಅರದ ಗೆರೆ ಒಂದೆರಡು ಹಾಗೇ ಉಳಿದಿದ್ದವು. ಒಂದು ಝುಮಕಿಯ ಎಲೆಗೂ ಇನ್ನೊಂದರ ಎಲೆಗೂ ಕೂದಲೆಳೆಯಷ್ಟು ವ್ಯತ್ಯಾಸ. ಕೈಯಲ್ಲಿ ಕೊರೆದರೆ ಹಾಗೇ ಆಗುತ್ತೆ. ಮೂಗಿನ ಹತ್ತಿರ ತಂದರೆ ಎಣ್ಣೆಯ ಸಣ್ಣ ವಾಸನೆ. ಆ ವಾಸನೆಗೆ ನನಗೆ ಅಜ್ಜನ ಓಣಿ ನೆನಪಾಗಿ ಕಣ್ಣು ತುಂಬಿತು.

ಸ್ಟಾಲ್ ನೋಡಿಕೊಳ್ಳೋ ಹೆಂಗಸಿಗೆ ವಿಷಯ ಗೊತ್ತಿತ್ತು. ನಿಂಬೆಹಣ್ಣು, ಹುಣಸೆಹಣ್ಣು, ಪಾತ್ರೆ ಪುಡಿ ಯಾವುದೂ ತಾಗಿಸಬೇಡಿ, ಕಪ್ಪು ಮಂಕಾದರೆ ಒಂದು ಹನಿ ಕೊಬ್ಬರಿ ಎಣ್ಣೆ ಬಟ್ಟೆಗೆ ಹಚ್ಚಿ ಒರೆಸಿ ಅಂತ ಹೇಳಿದರು. ಅದೇ ಮಾತನ್ನ ಚಾಚಾ ಹೇಳ್ತಿದ್ದರು. ಕಿವಿಗೆ ಹಾಕೋ ಕೊಕ್ಕೆ ಬೆಳ್ಳಿಯದು. ಇದನ್ನೂ ಕೇಳಿ ತಿಳಿದುಕೊಳ್ಳಿ, ಕೆಲವರಿಗೆ ಬೇರೆ ಲೋಹ ಕಿವಿಗೆ ಆಗಲ್ಲ. ಬೆಲೆ 2,200. ಹೋದ ದಸರಾಕ್ಕೆ ಬೀದರ್‌ನಲ್ಲಿ ಇಂಥದ್ದೇ ಜೊತೆ ನನಗೆ 1,300ಕ್ಕೆ ಸಿಕ್ಕಿತ್ತು. ಒಂಬೈನೂರು ಜಾಸ್ತಿ. ಆದರೂ ನನಗೆ ಕೊಡೋಕೆ ಬೇಸರ ಆಗಲಿಲ್ಲ, ಬಿಲ್ಲಿನಲ್ಲಿ ‘ಬಿದ್ರಿ ಝುಮಕಿ, ಬೀದರ್’ ಅಂತ ಬರೆದು ಕೊಟ್ಟರು. ಈ ಸ್ಟಾಲಿಗೆ ಐದಕ್ಕೆ ಐದು.

ತಂಗಿಗೆ ಫೋಟೋ ಕಳಿಸಿದೆ. ಕೂಡಲೇ ಫೋನ್ ಬಂತು. ‘ಯಕ್ಕಾ, ಕುಬಸದ ಮನಿಗಿ ಕರೇದು ಯಾಕ ತರ್ತಿ?’ ಅಂದಳು. ನಮ್ಮ ಕಡೆ ಈ ವಿಚಾರ ಇದೆ, ಬಸುರಿಗೆ ಹಸಿರು ಸೀರೆ, ಹಸಿರು ಬಳೆ, ಉಡಿ ತುಂಬೋವಾಗ ಕಪ್ಪು ಎದುರಿಗೆ ಬರಬಾರದು ಅಂತ. ಇದು ಬೀಗತಿಗೆ, ನಿನ್ನ ಮಗಳಿಗೆ ಮುತ್ತು ತಂದೀನಿ ಅಂದ ಮೇಲೆ ಸಮಾಧಾನ ಆಯಿತು. ನೀವೂ ಯಾವ ಕಾರ್ಯಕ್ಕೆ ಒಯ್ತಿದ್ದೀರಿ ಅಂತ ಯೋಚಿಸಿ ತಗೊಳ್ಳಿ, ಮನೆಯ ಹಿರಿಯರ ಮನಸ್ಸಿಗೆ ಬೇಸರ ಆಗಬಾರದು.

ಒಯ್ಯೋದರ ಬಗ್ಗೆ ಒಂದೆರಡು ಮಾತು. ಒಡವೆಯನ್ನ ಚೆಕ್-ಇನ್ ಬ್ಯಾಗಿನಲ್ಲಿ ಹಾಕಲೇಬೇಡಿ, ಅದರೊಳಗೆ ಒಡವೆ ಹೋದರೆ ಹೊಣೆ ನಮ್ಮದಲ್ಲ ಅಂತ ವಿಮಾನದವರ ನಿಯಮದಲ್ಲೇ ಇರುತ್ತೆ. ಕೈಚೀಲದಲ್ಲೇ ಇರಲಿ. ಬೀದರ್‌ನಿಂದಲೇ ಬಿದ್ರಿ ಹೂದಾನಿ, ಹುಕ್ಕಾ ಬುಡದಂಥ ದಪ್ಪ ವಸ್ತು ಒಯ್ಯೋರು ಇದ್ದರೆ, ಎಕ್ಸ್‌ರೇಯಲ್ಲಿ ಅದು ಗಟ್ಟಿ ಕಪ್ಪು ಮುದ್ದೆ ಹಾಗೆ ಕಾಣುತ್ತೆ, ಪೆಟ್ಟಿಗೆ ಬಿಚ್ಚಿ ಅಂತಾರೆ. ಅಣ್ಣನ ಮಗನಿಗೆ ಹೀಗೇ ಆಗಿತ್ತು. ಟೇಪು ಸುತ್ತಿ ಸುತ್ತಿ ಕಟ್ಟಬೇಡಿ, ಸುಲಭವಾಗಿ ಬಿಚ್ಚೋ ಹಾಗೆ ಇಡಿ. ಬಿದ್ರಿಯ ಕಾಗದ ಕತ್ತರಿಸೋ ಚಾಕು ಇದ್ದರೆ ಅದು ಕೈಚೀಲದಲ್ಲಿ ಹೋಗಲ್ಲ, ಚೆಕ್-ಇನ್‌ಗೆ ಹಾಕಿ. ಹೊರದೇಶಕ್ಕೆ ಮೈಮೇಲೆ ಜಾಸ್ತಿ ಬಂಗಾರ ಹಾಕಿಕೊಂಡು ಹೋಗೋರು ಹೊರಡುವಾಗಲೇ ಕಸ್ಟಮ್ಸ್‌ನವರ ಹತ್ತಿರ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಳ್ಳಿ, ಇಲ್ಲದಿದ್ದರೆ ವಾಪಸ್ ಬರುವಾಗ ಅದು ನಮ್ಮದೇ ಅಂತ ತೋರಿಸೋದು ಕಷ್ಟ.

ಒಟ್ಟು ಖರ್ಚು 8,700. ಇದೇ ಮೂರನ್ನ ಸರಾಫ್ ಬಜಾರ್‌ನಲ್ಲೂ ಬೀದರ್‌ನಲ್ಲೂ ಬಿಡುವಾಗಿ ಕೊಂಡಿದ್ದರೆ ಎರಡು ಸಾವಿರವಾದರೂ ಉಳಿಯೋದು.

ಕುಬಸ ಚೆನ್ನಾಗಿ ಆಯಿತು. ಹಸಿರು ಸೀರೆ ಮೇಲೆ ಮುತ್ತಿನ ಸರ ಹಾಕಿಕೊಂಡು ಕೂತ ಹುಡುಗಿಯನ್ನ ನೋಡಿ ನನ್ನ ತಂಗಿ ಏನೂ ಮಾತಾಡದೆ ನನ್ನ ಕೈ ಹಿಡಿದುಕೊಂಡಳು. ಚಿಕ್ಕವಳು ಗೆಜ್ಜೆ ಕಟ್ಟಿಕೊಂಡು ಇಡೀ ಮನೆ ಓಡಾಡಿದಳು, ರಾತ್ರಿ ಬಿಚ್ಚೋಕೂ ಬಿಡಲಿಲ್ಲ.

ಬೀಗತಿ ಝುಮಕಿಯನ್ನ ಅಂಗೈ ಮೇಲೆ ಇಟ್ಟುಕೊಂಡು ‘ಇಷ್ಟು ಕಪ್ಪು ಬಣ್ಣ ಏನು ಹಚ್ಚಿ ಮಾಡ್ತಾರೆ?’ ಅಂತ ಕೇಳಿದರು. ಬಣ್ಣ ಅಲ್ಲರೀ, ಮಣ್ಣು ಅಂದೆ. ಅವರು ನಂಬಲಿಲ್ಲ. ಕೋಟೆ ಮಣ್ಣು, ನವಸಾಗರ, ನಾಲಿಗೆ ಮೇಲೆ ಚಿಟಿಕೆ ಮಣ್ಣು ಇಟ್ಟು ನೋಡೋ ಚಾಚಾ, ಎಲ್ಲ ಹೇಳಿದೆ. ಊಟಕ್ಕೆ ಕರೆಯೋರು ಬಂದರೂ ಅವರು ಏಳಲಿಲ್ಲ. ಮರುದಿನ ಅದನ್ನ ಹಾಕಿಕೊಂಡೇ ಆಫೀಸಿಗೆ ಹೋದರು. ಸಂಜೆ ಬಂದು, ಇದಕ್ಕೆ ಹೊಂದೋ ಪದಕ ಸಿಗುತ್ತಾ ಅಂತ ಕೇಳಿದರು, ತಮ್ಮ ಗೆಳತಿಗೂ ಒಂದು ಜೊತೆ ಝುಮಕಿ ಬೇಕಂತೆ. ಝುಮಕಿಯನ್ನ ಬಿಳಿ ಹಾಳೆ ಮೇಲೆ ಇಟ್ಟು ಸುತ್ತ ಪೆನ್ನಿನಲ್ಲಿ ಗೆರೆ ಎಳೆದು ಅಳತೆ ಕೊಟ್ಟಿದ್ದಾರೆ. ಆ ಹಾಳೆ ನನ್ನ ಪರ್ಸಿನಲ್ಲಿದೆ. ಬರೋ ಶನಿವಾರ ಅರ್ಧ ದಿನ ಸ್ಕೂಲ್ ಮುಗಿಸಿ ಹುಮನಾಬಾದ್ ಮೇಲೆ ಹೋಗೋ ರೈಲಿಗೆ ಬೀದರ್‌ಗೆ ಹೊರಟಿದ್ದೀನಿ.